ಬಾಯಿ ಬಿಡದವಳ ಮಾತು

ಫೆಬ್ರವರಿ ೨೪, ಸೋಮವಾರ

ಡಾಕ್ಟರು ಒಂದು ಪುಸ್ತಕ ಇಡಿ ಅಂದಿದ್ದಾರೆ. ಹೆಂಡತಿ ಎಷ್ಟು ಹೊತ್ತು ಮಲಗಿದಳು, ಏನು ತಿಂದಳು, ಯಾವಾಗ ದಿಕ್ಕು ತಪ್ಪಿದವಳ ಹಾಗೆ ಮಾತಾಡಿದಳು, ಎಲ್ಲ ಅದರಲ್ಲಿ ಬರೆಯಬೇಕಂತೆ. ಅದು ಕೆಂಪು ರಟ್ಟಿನದು. ಇದು ನೀಲಿ ರಟ್ಟಿನದು, ನನ್ನದು. ಮಗಳು ಎರಡನ್ನೂ ಒಟ್ಟಿಗೆ ತಂದುಕೊಟ್ಟಳು. “ನಿಮಗೂ ಒಂದಿರಲಿ ಅಪ್ಪ, ಇಲ್ಲಾಂದ್ರೆ ಗೋಡೆ ಜೊತೆ ಮಾತಾಡ್ತೀರ” ಅಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಮೂವತ್ತೈದು ವರ್ಷ ಸಲೂನು ನಡೆಸಿದ್ದೇನೆ. ಕತ್ತರಿಗಿಂತ ನಾಲಿಗೆ ಹೆಚ್ಚು ಆಡಿಸುತ್ತೇನೆ ಅಂತ ಬೀದಿಯವರೆಲ್ಲ ನಗುತ್ತಾರೆ. ಬೆಳಿಗ್ಗೆ ಒಬ್ಬರ ಗಡ್ಡ ತೆಗೆಯುವಾಗ ಕೇಳಿದ್ದನ್ನು ಸಂಜೆಯೊಳಗೆ ಇಪ್ಪತ್ತು ತಲೆಗಳಿಗೆ ಹಂಚಿಬಿಡುತ್ತಿದ್ದೆ. ಹೆಂಡತಿಯದು ಇದಕ್ಕೆ ತದ್ವಿರುದ್ಧ. ಅವಳು ಆಪ್ತಸಮಾಲೋಚಕಿ. ನೆಮ್ಮದಿ ಕೆಟ್ಟವರು, ಮನೆಯಲ್ಲಿ ಮುರಿದುಕೊಂಡವರು, ಇನ್ನೆಲ್ಲೂ ಹೇಳಿಕೊಳ್ಳಲಾಗದವರು ಅವಳ ಕೋಣೆಗೆ ಬಂದು ಒಂದು ಗಂಟೆ ಕೂತು ಮಾತಾಡಿ ಹೋಗುತ್ತಿದ್ದರು. ಸಂಜೆ ಮನೆಗೆ ಬಂದು ಊಟಕ್ಕೆ ಕೂತರೆ ಅವಳ ಬಾಯಿಂದ ಒಂದಕ್ಷರ ಆಚೆ ಬರುತ್ತಿರಲಿಲ್ಲ.

“ಇವತ್ತು ಯಾರು ಬಂದಿದ್ರು?”

“ಬರೋರು ಬಂದಿದ್ರು.”

“ಏನಂದ್ರು?”

“ಅನ್ನೋದು ಅಂದ್ರು. ನೀನು ಊಟ ಮಾಡು.”

ನಮ್ಮದು ಮೆಚ್ಚಿ ಆದ ಮದುವೆ, ಹಾಗಾಗಿ ಅವಳು ನನ್ನನ್ನು ಮೊದಲಿಂದಲೂ ನೀನು ಅಂತಲೇ ಕರೆಯುವುದು. ಅಷ್ಟು ಸಲಿಗೆ ಇದ್ದೂ ಈ ವಿಷಯದಲ್ಲಿ ಮಾತ್ರ ಬೀಗ. ಎಷ್ಟು ಸಲ ಮುನಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಮೂರು ವರ್ಷದ ಹಿಂದೆ ಕೆಲಸ ಬಿಟ್ಟಾಗ ಫೈಲುಗಳನ್ನೆಲ್ಲ ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟಳು. ಎರಡು ದಿನ ಅದರ ಕಿರಿಕಿರಿ ಸದ್ದು. ವರ್ಷ ಕಳೆಯುವುದರೊಳಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಮನೆಯ ದಾರಿ, ಆಮೇಲೆ ಮಗಳ ಹೆಸರು. ಈ ತಿಂಗಳು ನಾನೂ ಸಲೂನಿಗೆ ಬೀಗ ಹಾಕಿ ಮನೆಯಲ್ಲಿ ಕೂತೆ.

ಫೆಬ್ರವರಿ ೨೭, ಗುರುವಾರ

ಇವತ್ತು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತಿದ್ದಳು. ನಾನು ಎದುರಿಗೆ ಸ್ಟೂಲಿನ ಮೇಲೆ ಸೇಬು ಹೆಚ್ಚುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಹೇಳಿ, ಕೇಳ್ತಾ ಇದೀನಿ” ಅಂದಳು. ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ. ತೊದಲಿಲ್ಲ, ತಡವರಿಸಲಿಲ್ಲ.

“ಆ ಚಮಚಗಳನ್ನೆಲ್ಲ ಈಗ ಎಲ್ಲಿಟ್ಟಿದೀರಿ?”

“ಯಾವ ಚಮಚ?” ಅಂದೆ.

“ಹೋದ ಹೋದ ಮನೆಯಿಂದ ತಂದಿದ್ದು. ನಲವತ್ತು ಅಂದಿರಲ್ಲ. ಕಳ್ಳತನ ತಪ್ಪು ಅಂತ ಮಕ್ಕಳಿಗೆ ಹೇಳುವಾಗ ಎದೆ ಹೊಡ್ಕೊಳ್ಳುತ್ತೆ ಅಂದಿರಿ. ಹೆಡ್‌ಮಿಸ್ಟ್ರೆಸ್ ಆದ ಮೇಲಂತೂ ಜಾಸ್ತಿ ಆಯ್ತು ಅಂದಿರಿ.”

ನಮ್ಮ ಕಡೆ ಹೆಡ್‌ಮಿಸ್ಟ್ರೆಸ್ ಅಂತ ಇದ್ದದ್ದು ಒಬ್ಬರೇ. ನಮ್ಮ ಮಗಳಿಗೆ ಪಾಠ ಹೇಳಿದವರು, ಹಿಂದೊಮ್ಮೆ ಮನೆಗೂ ಬಂದಿದ್ದವರು. ನಾನು ಸೇಬು ಬಿಟ್ಟು ಎದ್ದುಹೋಗಿ ಅಡುಗೆಮನೆಯ ಚಮಚ ಎಣಿಸಿದೆ. ಆಮೇಲೆ ಒಬ್ಬನೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮೂವತ್ತು ವರ್ಷ ನನ್ನ ಕಿವಿಯನ್ನು ಉಪವಾಸ ಕೆಡವಿದ್ದಳು. ಈಗ ತಾನೇ ಬಡಿಸುತ್ತಿದ್ದಾಳೆ. ಇಂಥ ಕಾಯಿಲೆಯಲ್ಲೂ ಒಂದು ಲಾಭ ಅಂತ ಇರಬಾರದೇ?

ಮಾರ್ಚ್ ೨, ಭಾನುವಾರ

ಮಗಳು ಬಂದು ಅಮ್ಮನ ಹತ್ತಿರ ಕೂತಿದ್ದಳು, ಹಾಗಾಗಿ ಸಂಜೆ ಪಾರ್ಕಿಗೆ ಹೋಗಲು ಸಿಕ್ಕಿತು. ಫೋಟೋದವನು ಬೆಂಚಿನ ಮೇಲೆ ಕಾದಿದ್ದ. ಅವನು ಸ್ಟುಡಿಯೋ ಇಟ್ಟುಕೊಂಡಿದ್ದ ಫೋಟೋಗ್ರಾಫರ್, ನನ್ನ ವಯಸ್ಸಿನವನೇ, ಏಳು ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡ. ಐದು ವರ್ಷದಿಂದ ನಾವು ಒಂದೇ ಬೆಂಚಿನವರು. ಅವನ ಜೊತೆ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನನ್ನ ಹೆಂಡತಿಗೆ ಮಾತ್ರ ಅವನನ್ನು ಕಂಡರೆ ಆಗುತ್ತಿರಲಿಲ್ಲ. ನೆನಪು ನೆಟ್ಟಗಿದ್ದ ದಿನಗಳಲ್ಲೂ ಅವನು ಮನೆಗೆ ಬಂದರೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಊಟಕ್ಕೆ ಕರೆಯೋಣ ಅಂದದ್ದಕ್ಕೆ “ನನ್ನಿಂದಾಗಲ್ಲ, ಯಾಕೆ ಅಂತ ಕೇಳಬೇಡ” ಅಂದಿದ್ದಳು. “ಓದಿದೋಳು ಅನ್ನೋ ಜಂಬ ನಿನಗೆ” ಅಂತ ಕೂಗಾಡಿ ಮೂರು ದಿನ ಮಾತು ಬಿಟ್ಟಿದ್ದೆ.

ಚಮಚದ ಕಥೆ ಹೇಳಿದೆ. ಬಾಯಿಗೆ ಬಂದದ್ದನ್ನು ನುಂಗಿ ಅಭ್ಯಾಸವಿಲ್ಲ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ.

“ಹಳೇದೆಲ್ಲ ಹೇಳ್ತಾರಾ?” ಅಂತ ಕೇಳಿದ.

“ಹಳೇದೇ ಕಣಯ್ಯ ನೆನಪಿರೋದು. ಬೆಳಿಗ್ಗೆ ತಿಂದದ್ದು ಗೊತ್ತಿಲ್ಲ, ಹತ್ತು ವರ್ಷದ ಹಿಂದಿನದು ಎದುರಿಗೆ ಕೂತ ಹಾಗೆ ಹೇಳ್ತಾಳೆ.”

“ಇನ್ನೂ ಏನೇನು ಹೇಳಿದ್ರು?”

ಅಷ್ಟು ಆಸೆಯಿಂದ ನನ್ನ ಮಾತು ಕೇಳಿದವರು ಈಚೆಗೆ ಯಾರೂ ಇರಲಿಲ್ಲ. ಖುಷಿಯಾಯಿತು.

ಮಾರ್ಚ್ ೫, ಬುಧವಾರ

ಊಟವಾದ ಮೇಲೆ ಮತ್ತೆ ಶುರುಮಾಡಿದಳು. ಈ ಸಲ ನಗುವ ವಿಷಯವಲ್ಲ.

“ಗಂಟು ಕೈಗೆ ಸಿಕ್ಕಿ ಎಷ್ಟು ದಿನ ಆಯ್ತು ಅಂದಿರಿ?” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರೋ ಉತ್ತರ ಕೊಟ್ಟ ಹಾಗೆ ತಲೆಯಾಡಿಸಿದಳು. “ಅವರಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ಡಾಕ್ಟರ ಹತ್ತಿರ ಹೋಗೋದನ್ನ ಮಾತ್ರ ಇನ್ನು ಮುಂದಕ್ಕೆ ಹಾಕಬೇಡಿ. ನಾನೇ ಜೊತೆಗೆ ಬರ್ತೀನಿ ಬೇಕಾದ್ರೆ.” ಮತ್ತೊಮ್ಮೆ ತಲೆಯಾಡಿಸಿ, “ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಗಿಬಿಡುತ್ತೆ ಅಂತ ಭಯಾನಾ? ದಿನವಿಡೀ ಮುಖ ನೋಡೋ ಕೆಲಸ ಅಂದಿರಿ. ಅದಕ್ಕೇ ನಗ್ತಾ ಇರ್ತೀರಾ ಮನೇಲಿ?” ಅಂದಳು.

ದಿನವಿಡೀ ಮುಖ ನೋಡುವವನು ಅಂದರೆ ಯಾರು, ನನ್ನ ಹಾಗೆ ಸಲೂನಿನವನೇ? ಪಕ್ಕದ ಬಡಾವಣೆಯ ಆ ಕನ್ನಡಕದ ಸಲೂನಿನವನ ಹೆಂಡತಿ ಇರಬಹುದೇ ಅಂತ ಬಹಳ ಹೊತ್ತು ತಲೆ ಕೆರೆದುಕೊಂಡೆ.

ಮಾರ್ಚ್ ೮, ಶನಿವಾರ

ಫೋಟೋದವನು ಕಿತ್ತಳೆ ಹಣ್ಣು ಹಿಡಿದುಕೊಂಡು ಮನೆಗೆ ಬಂದ. ಅವಳು ಅವನನ್ನು ನೋಡಿದಳು, ಎದ್ದು ಹೋಗಲಿಲ್ಲ. ಯಾರೆಂದು ಗೊತ್ತಾಗಲಿಲ್ಲವೋ ಏನೋ. ಅರ್ಧ ಗಂಟೆ ಅವಳ ಎದುರೇ ಕೂತಿದ್ದ. ಇಷ್ಟು ವರ್ಷ ಆಗದಿದ್ದದ್ದು ಇವತ್ತು ಆಯಿತಲ್ಲ ಅಂತ ನನಗೆ ಸಮಾಧಾನ. ನಾಳೆಯೂ ಬರುತ್ತಾನಂತೆ. ಬಂಗಾರದಂಥ ಮನುಷ್ಯ.

ಮಾರ್ಚ್ ೧೨, ಬುಧವಾರ

ಸೋಮವಾರದಿಂದ ಒಬ್ಬರು ನರ್ಸಮ್ಮ ಬರುತ್ತಿದ್ದಾರೆ. ಐವತ್ತರ ಹತ್ತಿರದ ಹೆಂಗಸು, ಕೈ ಗಟ್ಟಿ, ಕೆಲಸ ಶುದ್ಧ. ಇವತ್ತು ಅವಳಿಗೆ ಸ್ನಾನ ಮಾಡಿಸಿ ಈಚೆ ಬಂದವರು ನಗುತ್ತಾ, “ಸರ್, ಅಮ್ಮ ಇವತ್ತು ಯಾರದೋ ಡೈವೋರ್ಸಿನ ಕಥೆ ಹೇಳಿದ್ರು. ಗಂಡ ಹಲ್ಲಿನ ಡಾಕ್ಟರಂತೆ. ಇಲ್ಲೇ ತಿರುವಿನಲ್ಲಿ ಇದಾರಲ್ಲ, ಅವರದ್ದಾ?” ಅಂದರು.

ನಾನು ಕೇಳಿದ್ದಿದ್ದರೆ ನಾನೂ ಹೀಗೇ ನಗುತ್ತಿದ್ದೆ. ಬೇರೆಯವರ ಬಾಯಲ್ಲಿ ಕೇಳುವಾಗ ಮಾತ್ರ ಯಾರೋ ನಮ್ಮ ಕಪಾಟು ತೆಗೆದು ಅವಳ ಸೀರೆಯಲ್ಲಿ ಕೈ ಒರೆಸಿಕೊಂಡ ಹಾಗಾಯಿತು.

“ಅವಳು ಕಾದಂಬರಿ ಬಹಳ ಓದೋಳು ನರ್ಸಮ್ಮ. ಅದೆಲ್ಲ ಯಾವುದೋ ಪುಸ್ತಕದ್ದು” ಅಂದೆ. ಅವರಿಗೆ ನಂಬಿಕೆ ಬಂತೋ ಇಲ್ಲವೋ. ಸ್ನಾನ ಮಾಡಿಸುವಾಗ ರೇಡಿಯೋ ಹಾಕಿ, ಅವಳಿಗೆ ಹಾಡು ಇಷ್ಟ ಅಂತಲೂ ಹೇಳಿದೆ. ಅವಳಿಗೆ ಹಾಡೆಂದರೆ ತಲೆನೋವು.

ಮಾರ್ಚ್ ೧೬, ಭಾನುವಾರ

ಮಗಳ ಜೊತೆ ಜಗಳ. ನಾನು ಒಳಗೆ ಪಾತ್ರೆ ಒರೆಸುತ್ತಿದ್ದೆ. ಈಚೆ ಬಂದು ನೋಡಿದರೆ ಅಮ್ಮನ ಮಡಿಲ ಹತ್ತಿರ ಮೊಬೈಲು ಇಟ್ಟಿದ್ದಾಳೆ. ಅಮ್ಮ ಮಾತಾಡುತ್ತಿದ್ದಾಳೆ, ಅದು ರೆಕಾರ್ಡು ಮಾಡಿಕೊಳ್ಳುತ್ತಿದೆ.

“ಅದನ್ನ ಅಳಿಸು” ಅಂದೆ.

“ಯಾಕಪ್ಪ? ಅಮ್ಮ ಇಷ್ಟು ಚೆನ್ನಾಗಿ ಮಾತಾಡಿ ಎಷ್ಟು ದಿನ ಆಯ್ತು. ಇದೇ ಅವಳ ದನಿ. ನಾಳೆ ನನಗೆ ಇದೂ ಸಿಗಲ್ಲ.”

“ದನಿ ಅವಳದ್ದು. ಮಾತು ಅವಳದ್ದಲ್ಲ.”

“ಹೆಸರೇನೂ ಹೇಳಿಲ್ಲ ಅಪ್ಪ. ನಾನು ಯಾರಿಗೂ ಕೇಳಿಸಲ್ಲ.”

“ನಾನೂ ಹಾಗೇ ಅಂದ್ಕೊಂಡಿದ್ದೆ” ಅಂದೆ. ಆಮೇಲೆ ಅದರ ಅರ್ಥ ಕೇಳಿದಳು, ಹೇಳಲಿಲ್ಲ.

ಅತ್ತುಕೊಂಡೇ ಅಳಿಸಿದಳು. ಅವಳ ತಪ್ಪೇನಿದೆ? ತಾಯಿಯ ದನಿ ಇಟ್ಟುಕೊಳ್ಳಬೇಕು ಅನ್ನಿಸುವುದು ತಪ್ಪೇ? ಸಂಜೆ ಹೊರಡುವ ಮೊದಲು ಅಮ್ಮನ ಕೈಲಿ ಒಂದರಿಂದ ನೂರರವರೆಗೆ ಎಣಿಕೆ ಹೇಳಿಸಿ ಅದನ್ನು ರೆಕಾರ್ಡು ಮಾಡಿಕೊಂಡಳು. ಮೂವತ್ತೇಳಕ್ಕೆ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದಳು.

ಮಾರ್ಚ್ ೧೯, ಬುಧವಾರ

ಹೇಗೆ ಬರೆಯಬೇಕೋ ತಿಳಿಯದು, ಆದರೂ ಬರೆಯುತ್ತೇನೆ.

ಫೋಟೋದವನು ಹತ್ತು ದಿನದಿಂದ ದಿನಾ ಬರುತ್ತಿದ್ದ. ಇವತ್ತು ನಾನು ಚಹಾ ತರುವಾಗ ಬಾಗಿಲ ಹತ್ತಿರವೇ ಅವನ ದನಿ ಕೇಳಿಸಿತು, ತೀರಾ ಮೆತ್ತಗೆ, ಮಗುವನ್ನು ಪುಸಲಾಯಿಸುವ ಹಾಗೆ.

“ಗುರುವಾರ ಬರ್ತಿದ್ದಳಲ್ಲ, ಮೂರು ಗಂಟೆಗೆ? ಬಿಳಿ ಕೊಡೆ ಹಿಡ್ಕೊಂಡು? ನೆನಪು ಮಾಡ್ಕೊಳ್ಳಿ. ಏನಂತಿದ್ದಳು ಅವಳು? ನನ್ನ ಬಗ್ಗೆ ಏನಂತಿದ್ದಳು?”

ನನ್ನ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಂಡುತ್ತಿದ್ದವು.

ಚಹಾ ಮೇಜಿನ ಮೇಲಿಟ್ಟು ಅವನನ್ನು ಅಡುಗೆಮನೆಗೆ ಕರೆದೆ. “ಏನಿದು?” ಅಂದೆ.

ಅವನು ಸುತ್ತಿಬಳಸಲಿಲ್ಲ. ತನ್ನ ಹೆಂಡತಿ ಎರಡು ವರ್ಷ ನನ್ನ ಹೆಂಡತಿಯ ಹತ್ತಿರ ಬರುತ್ತಿದ್ದಳಂತೆ. ಯಾಕೆ ಅಂತ ಅವನಿಗೆ ಗೊತ್ತಿಲ್ಲ, ಕೇಳಿದರೆ ‘ಸುಮ್ಮನೆ, ಮನಸ್ಸು ಹಗುರ ಆಗುತ್ತೆ’ ಅನ್ನುತ್ತಿದ್ದಳಂತೆ. ಆಮೇಲೆ ಎದೆಯ ಕ್ಯಾನ್ಸರ್ ಅಂತ ತಿಳಿಯಿತು, ತಿಳಿದ ನಾಲ್ಕೇ ತಿಂಗಳಿಗೆ ಹೋದಳು. ಆಸ್ಪತ್ರೆಯಲ್ಲಿ ಡಾಕ್ಟರು, ಗಂಟು ಕೈಗೆ ಸಿಕ್ಕೇ ಆರು ತಿಂಗಳಾಗಿರಬೇಕಲ್ಲ, ಮೊದಲೇ ಯಾಕೆ ಬರಲಿಲ್ಲ ಅಂದರಂತೆ.

“ನಾನು ಮುಖ ನೋಡಿ ಅನ್ನ ತಿಂದೋನು ಕಣಯ್ಯ. ಕಣ್ಣು ಒಂಚೂರು ಬಾಡಿದ್ರೂ ಗುರುತು ಹಿಡೀತಿದ್ದೆ. ಅವಳ ಮುಖದಲ್ಲಿ ಮಾತ್ರ ನನಗೆ ಏನೂ ಕಾಣಲಿಲ್ಲ. ಅವಳಿಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಹತ್ತಿರ ಮುಚ್ಚಿಟ್ಟಳಾ? ಅಥವಾ ಎದುರಿಗೇ ಇದ್ದದ್ದನ್ನ ನಾನೇ ನೋಡಲಿಲ್ವಾ? ಏಳು ವರ್ಷದಿಂದ ಇದೊಂದೇ.”

ಅಂತ್ಯಕ್ರಿಯೆ ಮುಗಿದ ವಾರ ಅವನು ನನ್ನ ಹೆಂಡತಿಯ ಆಫೀಸಿಗೆ ಹೋಗಿ ಕೇಳಿದ್ದನಂತೆ. “ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನೂ ನಾನು ಹೇಳೋ ಹಾಗಿಲ್ಲ” ಅಂದಳಂತೆ. ಇವನು ಕಿರುಚಾಡಿದನಂತೆ. ಅವಳು ಒಂದು ಲೋಟ ನೀರು ಕೊಟ್ಟು, ಅವನು ಮೆಟ್ಟಿಲು ಇಳಿಯುವವರೆಗೂ ಬಾಗಿಲಲ್ಲೇ ನಿಂತಿದ್ದಳಂತೆ.

“ಹಾಗಾದ್ರೆ ಆ ಬೆಂಚಿಗೆ ಬಂದು ಕೂತದ್ದು?”

“ನೀನು ಅವರ ಗಂಡ ಅಂತ ಗೊತ್ತಿತ್ತು. ನಿನಗೆ ಬಾಯಿ ನಿಲ್ಲಲ್ಲ ಅಂತಲೂ ಕೇಳಿದ್ದೆ.” ತಲೆ ತಗ್ಗಿಸಿದ. “ಮೊದಲು ಅದಕ್ಕೇ ಬಂದೆ. ಆಮೇಲೆ ಅದಕ್ಕಲ್ಲ.”

ನಾನು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಮಾಡಿದೆ.

“ಅವರು ನಿನ್ನ ಮುಂದೆ ಏನಾದ್ರೂ ಅಂದಿದಾರಾ? ಅಂದಿದ್ರೆ ಹೇಳು. ನಿನ್ನ ಕಾಲು ಹಿಡೀತೀನಿ.”

ದಿನವಿಡೀ ಮುಖ ನೋಡುವ ಕೆಲಸ. ಕನ್ನಡಕದ ಸಲೂನಿನವನೂ ಅಲ್ಲ, ಬೇರೆ ಯಾರೂ ಅಲ್ಲ. ನನ್ನ ಎದುರಿಗೇ ನಿಂತಿದ್ದ.

“ಇಲ್ಲ” ಅಂದೆ.

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. “ನಿನಗೆ ಸುಳ್ಳು ಹೇಳೋಕೆ ಬರಲ್ಲ” ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಚಹಾ ಹಾಗೇ ಆರಿತು.

ಮಾರ್ಚ್ ೨೦, ಗುರುವಾರ

ಕೋಪ ಬಂದದ್ದು ಅವನ ಮೇಲಲ್ಲ, ಇವಳ ಮೇಲೆ. ಗೊತ್ತಿತ್ತು ಇವಳಿಗೆ. ಒಂದು ಜೀವ ಹೋಗುತ್ತಿದೆ ಅಂತ ಗೊತ್ತಿದ್ದೂ ಸಂಜೆ ಮನೆಗೆ ಬಂದು ನನ್ನ ಎದುರು ಊಟ ಮಾಡಿದಳು. ಆ ಗಂಡನಿಗೆ ಒಂದು ಫೋನು ಮಾಡಿದ್ದರೆ? ಎದುರಿಗೆ ಕೂತು ಕೇಳಿಯೇಬಿಟ್ಟೆ. “ಯಾಕೆ ಹೇಳಲಿಲ್ಲ ನೀನು?”

ಅವಳು ನನ್ನನ್ನು ನೋಡಿ, “ನಿಮಗೆ ಯಾರ ಮೇಲೋ ಬಹಳ ಕೋಪ ಇದೆ” ಅಂದಳು.

ನಲವತ್ತು ವರ್ಷದಲ್ಲಿ ಮೊದಲ ಸಲ, ಬೇರೆ ಯಾರಿಗೋ ಅಲ್ಲ, ನನಗೇ ನೀವು ಅಂದಳು.

“ಹೆಂಡತಿ ಮೇಲೆ” ಅಂದೆ.

“ಅವರಿಗೆ ಗೊತ್ತಾ?”

“ಇಲ್ಲ.”

“ಹೇಳಿ ನೋಡಿ. ಅವರು ಕೇಳಿಸಿಕೊಳ್ಳಬಹುದು.”

“ಕೇಳಿಸಿಕೊಳ್ಳೋ ಸ್ಥಿತೀಲಿ ಇಲ್ಲ ಅವಳು.”

“ಹಾಗಾದ್ರೆ ಇಲ್ಲಿ ಹೇಳಿ” ಅಂದಳು.

ಹೇಳಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ನಡುವೆ ಒಂದು ಸಲವೂ ಅವಳು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಕೆಂಪು ಪುಸ್ತಕದಲ್ಲಿ ‘ಮಧ್ಯಾಹ್ನ ಶಾಂತವಾಗಿದ್ದಳು’ ಅಂತ ಬರೆದೆ.

ಮಾರ್ಚ್ ೨೩, ಭಾನುವಾರ

ತೂಗಿ ನೋಡಿದೆ. ಹೇಳಿದರೆ ಅವನ ತಲೆಯಿಂದ ಒಂದು ಮುಳ್ಳು ಹೋಗುತ್ತದೆ: ಅವನು ಕುರುಡನಲ್ಲ, ಅವಳೇ ಬೇಕೆಂದು ನಗುತ್ತಿದ್ದಳು. ಅದರ ಜಾಗದಲ್ಲಿ ಇನ್ನೊಂದು ಬರುತ್ತದೆ: ಆರು ತಿಂಗಳು ತನ್ನ ಎದುರೇ ಕೂತು ಉಂಡವಳು ತನ್ನನ್ನು ನಂಬಲಿಲ್ಲ ಅಂತ. ಯಾವುದು ಹೆಚ್ಚು ಚುಚ್ಚುತ್ತದೆ ಅಂತ ನಿರ್ಧರಿಸಲು ನಾನು ಯಾರು? ಆ ಹೆಂಗಸಿನ ಮುಖವನ್ನೂ ನಾನು ಕಂಡಿಲ್ಲ. ಅವಳು ನನ್ನ ಹೆಂಡತಿಗೆ ಕೊಟ್ಟದ್ದು, ಇವಳ ಕೈ ಜಾರಿ ಬಿದ್ದಾಗ ನಾನು ಎತ್ತಿಕೊಂಡದ್ದು, ಅಷ್ಟೇ.

ಇನ್ನೊಂದು ವಿಷಯ ಬರೆದೇ ಬಿಡಬೇಕು. ಅವನು ಮನೆಗೆ ಬಂದಾಗಲೆಲ್ಲ ಇವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಜಂಬಕ್ಕಲ್ಲ. ಒಂದೇ ಒಂದು ಮಾತು ಹೇಳಿದ್ದರೆ ನಾನು ಕೂಗಾಡುತ್ತಿರಲಿಲ್ಲ. ಆ ಒಂದು ಮಾತನ್ನೇ ಅವಳು ಹೇಳುವ ಹಾಗಿರಲಿಲ್ಲ. ಬೈಸಿಕೊಂಡು ಸುಮ್ಮನಿದ್ದಳು, ಮೂರು ದಿನವೂ ನನ್ನ ಬಟ್ಟೆ ಮಡಿಸಿಟ್ಟಳು.

ಮಾರ್ಚ್ ೨೫, ಮಂಗಳವಾರ

ಔಷಧಿ ಅಂಗಡಿಯಲ್ಲಿ ಹೆಡ್‌ಮಿಸ್ಟ್ರೆಸ್ ಸಿಕ್ಕಿದರು. ಈಗ ಕೋಲು ಹಿಡಿದು ನಡೆಯುತ್ತಾರೆ. ನನ್ನ ಕೈ ಹಿಡಿದುಕೊಂಡು, “ನಿಮ್ಮ ಮನೆಯವರು ಹೇಗಿದಾರೆ? ನಾನು ಅವರ ಹತ್ತಿರ ಬರ್ತಿದ್ದೆ ಒಂದು ಕಾಲಕ್ಕೆ, ನಿಮಗೆ ಗೊತ್ತಿರಬೇಕು” ಅಂದರು.

“ಇಲ್ಲ, ಅವಳು ಏನೂ ಹೇಳ್ತಿರಲಿಲ್ಲ.”

“ಹೌದು, ಹೇಳೋರಲ್ಲ” ಅಂತ ನಕ್ಕರು. “ಅವರು ಇಲ್ಲದಿದ್ದರೆ ನಾನು ಶಾಲೆ ಬಿಟ್ಟು ಎಲ್ಲಿಗಾದರೂ ಓಡಿಹೋಗ್ತಿದ್ದೆ.”

ಅವರ ಕಣ್ಣು ನೋಡಲಾಗದೆ ಔಷಧಿ ಚೀಟಿ ನೋಡುತ್ತಾ ನಿಂತೆ. ಮನೆಗೆ ಬಂದು ಇದೇ ಪುಸ್ತಕದ ಮೊದಲ ಪುಟಗಳನ್ನು ತೆರೆದು, ಮತ್ತೆ ಮುಚ್ಚಿದೆ.

ಮಾರ್ಚ್ ೨೯, ಶನಿವಾರ

ಅವಳ ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ಒಳಕೋಣೆಗೆ ಸಾಗಿಸಿದೆ. ಅಲ್ಲಿ ಬೀದಿಯ ಕಡೆ ಕಿಟಕಿಯಿಲ್ಲ. ಗಾಳಿ ಕಡಿಮೆ, ಫ್ಯಾನು ಹಾಕಿದ್ದೇನೆ. ಮಧ್ಯಾಹ್ನ ಮಾತು ಬರುವ ಹೊತ್ತಿಗೆ ನರ್ಸಮ್ಮನನ್ನು ಅಂಗಡಿಗೆ ಕಳಿಸುತ್ತೇನೆ. ದಿನಾ ಅಂಗಡಿಯಲ್ಲಿ ಏನು ಕೆಲಸ ಅಂತ ಕೇಳಿದರು. ಮನೆಯಲ್ಲಿ ಎಂಟು ಸೋಪು ಸೇರಿವೆ.

ಮಾರ್ಚ್ ೩೧, ಸೋಮವಾರ

ಇವತ್ತು ಒಂದು ಗಂಟೆ ಮಾತಾಡಿದಳು. ಹೊರಗೆ ಮೋಡ, ಮಳೆ ಬರಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಎರಡು ವಾರವಾಯಿತು, ಬೆಂಚಿನಲ್ಲಿ ಅವನಿಲ್ಲ. ಇವತ್ತು ಅವನ ಮನೆಯವರೆಗೂ ಹೋದೆ. ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ. ಗಡ್ಡ ಬೆಳೆದಿತ್ತು.

“ಹೇಳೋಕೆ ಬಂದಿದೀಯಾ?”

“ಇಲ್ಲ. ನಿನ್ನನ್ನ ನೋಡೋಕೆ ಬಂದೆ.”

“ಹಾಗಾದ್ರೆ ಗೊತ್ತು ಅಂತಾಯ್ತು.”

ಗೊತ್ತಿಲ್ಲ ಅಂತ ಇನ್ನೊಂದು ಸಲ ಅನ್ನಬಹುದಿತ್ತು. ಬಾಯಿ ಬರಲಿಲ್ಲ. “ಗೊತ್ತಿದ್ರೂ ಗೊತ್ತಿಲ್ಲದಿದ್ರೂ ನನ್ನ ಉತ್ತರ ಒಂದೇ. ಅದು ನಾನು ಕೊಡೋ ವಸ್ತು ಅಲ್ಲ ಕಣಯ್ಯ.”

“ನಿನ್ನ ಹೆಂಡತಿ ಹಾಗೇ ಮಾತಾಡ್ತೀಯ ಈಗ” ಅಂತ ಬಾಗಿಲು ಹಾಕಿದ. ಬೈದದ್ದೇ ಅದು.

ಏಪ್ರಿಲ್ ೧೦, ಗುರುವಾರ

ಮಧ್ಯಾಹ್ನ ರಕ್ತದ ವರದಿ ತರಲು ಆಸ್ಪತ್ರೆಗೆ ಹೋಗಿದ್ದೆ. ಸಾಲು ಉದ್ದವಿತ್ತು, ಮೂರೂಕಾಲಾಯಿತು ವಾಪಸು ಬರುವಾಗ. ಬಾಗಿಲ ಮುಂದೆ ಗಂಡಸರ ಚಪ್ಪಲಿ. ನರ್ಸಮ್ಮ ಅಡುಗೆಮನೆಯಿಂದ ಬಂದು, “ನಿಮ್ಮ ಸ್ನೇಹಿತರು ಸರ್. ದಿನಾ ಬರ್ತಿದ್ದೋರಲ್ವಾ ಅಂತ ಒಳಗೆ ಬಿಟ್ಟೆ. ಅಮ್ಮನೇ ಬಾಗಿಲು ಹಾಕಿ ಬನ್ನಿ ಅಂದ್ರು ಅವರಿಗೆ” ಅಂದರು.

ಒಳಕೋಣೆಯ ಬಾಗಿಲಿಗೆ ಹೋದೆ. ಹಿಡಿಯ ಮೇಲೆ ಕೈಯಿಟ್ಟೆ. ತಳ್ಳಿ ಒಳಗೆ ಹೋಗಿ ಅವನ ತೋಳು ಹಿಡಿದು ಎಬ್ಬಿಸಿ ಕಳಿಸಬೇಕು ಅಂತಲೇ ಇಟ್ಟದ್ದು. ಒಳಗೆ ಅವಳ ದನಿ.

“ಇಲ್ಲಿ ಆಡಿದ ಮಾತು ಈ ಕೋಣೆ ದಾಟೋದಿಲ್ಲ. ಆತುರ ಏನಿಲ್ಲ. ನಿಧಾನವಾಗಿ ಹೇಳಿ.”

ಅವನು ಕೇಳುತ್ತಾನೆ ಅಂದುಕೊಂಡೆ, ಗುರುವಾರ, ಬಿಳಿ ಕೊಡೆ, ಏನಂತಿದ್ದಳು ಅಂತ. ಅವನು ಕೇಳಲಿಲ್ಲ. “ನನ್ನ ಹೆಂಡತಿ ತೀರಿಕೊಂಡು ಏಳು ವರ್ಷ ಆಯ್ತು, ಮೇಡಂ” ಅಂದ. ಆಮೇಲೆ ಅವನ ದನಿ ಒಡೆಯಿತು.

ನಾನು ಕೈ ತೆಗೆದೆ.

ಅಡುಗೆಮನೆಯಿಂದಲೂ ಕೇಳಿಸುತ್ತದೆ ಆ ಕೋಣೆಯದು. ನರ್ಸಮ್ಮನನ್ನು ಕರೆದುಕೊಂಡು ಹೊರಗೆ ಬಂದು ಮುಂಬಾಗಿಲು ಎಳೆದುಕೊಂಡೆ. ಗೇಟಿನ ಪಕ್ಕ ಸಿಮೆಂಟಿನ ಕಟ್ಟೆಯಿದೆ, ಅದರ ಮೇಲೆ ಇಬ್ಬರೂ ಕೂತೆವು.

“ಅಮ್ಮ ಒಬ್ಬರೇ ಇದಾರಲ್ಲ ಸರ್, ಏನಾದ್ರೂ ಆದ್ರೆ?”

“ಏನೂ ಆಗಲ್ಲ. ಅವಳು ಕೆಲಸದಲ್ಲಿದಾಳೆ.”

ಅವರು ನನ್ನನ್ನು ಒಂಥರಾ ನೋಡಿದರು. ಎದುರುಮನೆಯವರು ಹಾದುಹೋಗುವಾಗ, ಯಾಕೆ ಹೊರಗೆ ಕೂತಿದ್ದೀರಿ ಅಂದರು. ಒಳಗೆ ಸೆಖೆ ಅಂದೆ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಅವನು ಬಂದ. ಮುಖ ತೊಳೆದಿದ್ದ, ಅಂಗಿಯ ಕಾಲರ್ ಒದ್ದೆಯಾಗಿತ್ತು. ನರ್ಸಮ್ಮ ಒಳಗೆ ಹೋದರು. ಅವನು ನನ್ನ ಪಕ್ಕ ಕೂತ. ಅವಳು ಹೇಳಿದಳೋ, ಇಲ್ಲವೋ. ಅವನು ಕೊನೆಗೆ ಕೇಳಿದನೋ, ಇಲ್ಲವೋ. ಅವನ ಮುಖ ನೋಡಿದರೆ ನನಗೆ ಏನೂ ತಿಳಿಯಲಿಲ್ಲ, ನಾನು ಬಹಳ ಹೊತ್ತು ನೋಡಲೂ ಇಲ್ಲ.

“ನಡುವೆ ಹತ್ತು ನಿಮಿಷ ನಿದ್ದೆ ಹೋದ್ರು” ಅಂದ.

“ಹೋಗ್ತಾಳೆ.”

“ಎದ್ದು, ಎಲ್ಲಿಗೆ ನಿಲ್ಲಿಸಿದ್ರಿ ಅಂದ್ರು.”

ನಾನು ತಲೆಯಾಡಿಸಿದೆ.

“ಮುಂದಿನ ಗುರುವಾರ ಮೂರು ಗಂಟೆಗೆ ಬನ್ನಿ ಅಂತ ಹೇಳಿದಾರೆ.” ಅವನು ಅಂಗೈ ನೋಡಿಕೊಂಡ. “ಬರಲಾ?”

“ಬಾ.”

“ನೀನು?”

“ನಾನು ಹೊರಗಡೆ ಇರ್ತೀನಿ.”

ಏಪ್ರಿಲ್ ೧೭, ಗುರುವಾರ

ಮೂರಕ್ಕೆ ಬಂದ. ನಾಲ್ಕಕ್ಕೆ ಹೋದ. ನಾನೂ ನರ್ಸಮ್ಮನೂ ಕಟ್ಟೆಯ ಮೇಲೆ ಕೂತು ಬಟಾಣಿ ಬಿಡಿಸಿದೆವು. ಬಟಾಣಿ ಎಳೆಯದಾಗಿತ್ತು.